ಸ್ವಂತ ಖಾತೆಯ ಪಾಸ್‌ವರ್ಡನ್ನು ಕಂಪನಿ ಕೇಳಿದರೆ: ನೌಕರರಿಗೊಂದು ಕೈಪಿಡಿ

ನೌಕರರ ಸ್ವಂತ ಸಾಮಾಜಿಕ ಜಾಲತಾಣ ಖಾತೆಯ ಮೇಲೆ ಸಂಸ್ಥೆಯ ಕಣ್ಣು ಬೀಳುವುದು ಬಹುಮಟ್ಟಿಗೆ ಮೂರು ಸಂದರ್ಭಗಳಲ್ಲಿ: ಹೊಸದಾಗಿ ಕೆಲಸಕ್ಕೆ ಸೇರುವಾಗ, ಯಾವುದಾದರೂ ದೂರು ಬಂದು ಆಂತರಿಕ ವಿಚಾರಣೆ ನಡೆಯುವಾಗ ಮತ್ತು ರಾಜೀನಾಮೆ ಕೊಟ್ಟು ಹೊರಡುವಾಗ. ಈ ಮೂರರಲ್ಲೂ "ಪಾಸ್‌ವರ್ಡ್ ಕೊಡಿ" ಎಂದು ಮುಖಕ್ಕೆ ಹೇಳುವವರು ಕಡಿಮೆ. "ಇಲ್ಲೇ ಒಂದು ಸಲ ತೆರೆದು ತೋರಿಸಿಬಿಡಿ", "ಎಚ್‌ಆರ್ ಮೇಡಂ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದಾರೆ, ಒಪ್ಪಿಕೊಳ್ಳಿ", "ಕಂಪನಿಯ ಪುಟವನ್ನು ನಿಮ್ಮ ಐಡಿಯಿಂದಲೇ ನೋಡಿಕೊಳ್ಳಿ, ಲಾಗಿನ್ ವಿವರವನ್ನು ಈ ಎಕ್ಸೆಲ್ ಹಾಳೆಯಲ್ಲಿ ಹಾಕಿಡಿ", "ಈ ಆ್ಯಪ್‌ಗೆ ನಿಮ್ಮ ಲಿಂಕ್ಡ್‌ಇನ್ ಜೋಡಿಸಿ ಸಾಕು" ಎಂಬ ಮೆತ್ತನೆಯ ಮಾತುಗಳಲ್ಲಿಯೇ ಕೋರಿಕೆ ಬರುತ್ತದೆ. ಮಾತು ಮೆತ್ತಗಿದ್ದ ಮಾತ್ರಕ್ಕೆ ಕೋರಿಕೆ ಬೇರೆಯಾಗುವುದಿಲ್ಲ. ತೆರೆದು ತೋರಿಸಿದ ಖಾತೆಯೂ ಪಾಸ್‌ವರ್ಡ್ ಕೊಟ್ಟ ಖಾತೆಯೂ ಆ ಹೊತ್ತಿಗೆ ಒಂದೇ.

ಕೇಳಿದ ಮೇಲೆ ಯೋಚಿಸಲು ಹೊರಟರೆ ತಡವಾಗಿರುತ್ತದೆ, ಏಕೆಂದರೆ ಎದುರು ಕುಳಿತವರ ಕೈಯಲ್ಲಿ ನಿಮ್ಮ ಆಫರ್ ಲೆಟರ್ ಅಥವಾ ರಿಲೀವಿಂಗ್ ಲೆಟರ್ ಇರುತ್ತದೆ. ಭಾರತದಲ್ಲಿ ಈ ಕೋರಿಕೆಯನ್ನೇ ನೇರವಾಗಿ ನಿಷೇಧಿಸುವ ಕಾನೂನಿಲ್ಲವಾದ್ದರಿಂದ, ಇಲ್ಲಿನ ನೌಕರರಿಗಿರುವ ರಕ್ಷಣೆಯ ದೊಡ್ಡ ಪಾಲು ನ್ಯಾಯಾಲಯದಲ್ಲಿಲ್ಲ. ಅವರೇ ಮುಂಚಿತವಾಗಿ ಮಾಡಿಟ್ಟುಕೊಂಡ ವ್ಯವಸ್ಥೆಯಲ್ಲಿದೆ. ಈ ಬರಹ ಮುಖ್ಯವಾಗಿ ಕರ್ನಾಟಕದ ಖಾಸಗಿ ವಲಯದಲ್ಲಿ ದುಡಿಯುವವರಿಗಾಗಿ. ಸರ್ಕಾರಿ ನೌಕರರಿಗೆ ಮತ್ತು ಅಮೆರಿಕದಲ್ಲಿರುವ ಕನ್ನಡಿಗರಿಗೆ ಅನ್ವಯಿಸುವ ವ್ಯತ್ಯಾಸಗಳನ್ನು ಅಲ್ಲಲ್ಲಿ ಹೇಳಿದ್ದೇನೆ.

ಕಾನೂನು ಎಲ್ಲಿಯವರೆಗೆ ಜೊತೆಗೆ ಬರುತ್ತದೆ

ಈ ವಿಷಯದಲ್ಲಿ ಮೊದಲು ಸ್ಪಷ್ಟ ಕಾನೂನು ಮಾಡಿದ್ದು ಅಮೆರಿಕದ ಮೇರಿಲ್ಯಾಂಡ್ ರಾಜ್ಯ. ಅಲ್ಲಿನ ಬಂದೀಖಾನೆ ಇಲಾಖೆಯ ಅಧಿಕಾರಿಯೊಬ್ಬರು 2010ರಲ್ಲಿ ರಜೆಯ ನಂತರ ಕೆಲಸಕ್ಕೆ ಮರಳಲು ಸಂದರ್ಶನಕ್ಕೆ ಹೋದಾಗ ಅವರ ಫೇಸ್‌ಬುಕ್ ಪಾಸ್‌ವರ್ಡ್ ಕೇಳಲಾಯಿತು. ಆ ಪ್ರಕರಣ ಹೊರಬಂದು ಗದ್ದಲವಾದ ಮೇಲೆ, 2012ರಲ್ಲಿ ಉದ್ಯೋಗದಾತರು ಹೀಗೆ ಕೇಳುವುದನ್ನೇ ರಾಜ್ಯ ನಿಷೇಧಿಸಿತು. ಕ್ಯಾಲಿಫೋರ್ನಿಯ ಮತ್ತು ಇಲಿನಾಯ್ ರಾಜ್ಯಗಳ ಇಂತಹುದೇ ಕಾನೂನುಗಳು 2013ರ ಜನವರಿಯಿಂದ ಜಾರಿಯಲ್ಲಿವೆ, ನ್ಯೂಯಾರ್ಕ್ 2024ರ ಮಾರ್ಚ್‌ನಲ್ಲಿ ಆ ಸಾಲಿಗೆ ಸೇರಿತು. ಇವು ರಾಜ್ಯ ಕಾನೂನುಗಳು ಎಂಬುದನ್ನು ಅಲ್ಲಿರುವ ನಮ್ಮವರು ನೆನಪಿಡಬೇಕು. ಪ್ರತಿ ರಾಜ್ಯದಲ್ಲೂ ಇವಿಲ್ಲ, ಇರುವ ಕಡೆಯೂ ಒಂದೇ ತೆರನಾಗಿಲ್ಲ.

ನಮ್ಮಲ್ಲಿ ಅಂತಹ ಒಂದು ಕಲಮು ಇಲ್ಲ. ಇರುವುದೆಲ್ಲ ಬೇರೆ ಬೇರೆ ಕಾನೂನುಗಳಲ್ಲಿ ಚದುರಿಕೊಂಡಿದೆ, ಮತ್ತು ಒಂದೊಂದರ ಮಿತಿಯೂ ಬೇರೆ. ಖಾಸಗಿತನವು ಸಂವಿಧಾನದ 21ನೇ ವಿಧಿಯ ಅಡಿಯ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಮೂಲಭೂತ ಹಕ್ಕುಗಳ ಮುಖ್ಯ ಗುರಿ ಸರ್ಕಾರ. ಖಾಸಗಿ ವ್ಯಕ್ತಿಗಳ ವಿರುದ್ಧವೂ 19 ಮತ್ತು 21ನೇ ವಿಧಿಗಳನ್ನು ಜಾರಿಗೊಳಿಸಬಹುದೆಂದು ಸಂವಿಧಾನ ಪೀಠವೊಂದು 2023ರ ಜನವರಿಯಲ್ಲಿ ಬಹುಮತದಿಂದ ಹೇಳಿದೆಯಾದರೂ, ನಾಳೆ ಬೆಳಿಗ್ಗೆ ಎಚ್‌ಆರ್ ಕೊಠಡಿಯಲ್ಲಿ ಅದನ್ನು ಹಿಡಿದು ವಾದಿಸಿ ಕೆಲಸ ಉಳಿಸಿಕೊಳ್ಳಬಹುದೆಂದು ಯಾರಿಗೂ ನಾನು ಭರವಸೆ ಕೊಡಲಾರೆ.

ಹೆಚ್ಚು ಪ್ರಯೋಜನಕ್ಕೆ ಬರುವುದು ಯಾರೂ ಅಷ್ಟಾಗಿ ನೆನೆಯದ ಒಂದು ನಿಯಮ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಬಂದ ನಿಯಮಗಳು 'ಸೂಕ್ಷ್ಮ ವೈಯಕ್ತಿಕ ಮಾಹಿತಿ' ಯಾವುದೆಂದು ಪಟ್ಟಿ ಮಾಡುತ್ತವೆ. ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆ, ಬಯೋಮೆಟ್ರಿಕ್ ಇತ್ಯಾದಿಗಳಿರುವ ಆ ಪಟ್ಟಿಯಲ್ಲಿ ಮೊದಲನೆಯದೇ ಪಾಸ್‌ವರ್ಡ್. ಇಂತಹ ಮಾಹಿತಿಯನ್ನು ಸಂಗ್ರಹಿಸುವ ಸಂಸ್ಥೆಯು ಲಿಖಿತ ಒಪ್ಪಿಗೆ ಪಡೆಯಬೇಕು, ಅದು ತನ್ನ ಕಾರ್ಯಕ್ಕೆ ಸಂಬಂಧಿಸಿದ ನ್ಯಾಯಸಮ್ಮತ ಉದ್ದೇಶಕ್ಕೆ ಅಗತ್ಯವಾಗಿರಬೇಕು, ಮತ್ತು ಕೊಡದಿರುವ ಆಯ್ಕೆ ಕೊಡುವವರಿಗೆ ಇರಬೇಕು. ಲೆಕ್ಕಪತ್ರ ವಿಭಾಗದ ನೌಕರರ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಯಾವ ಕಾರ್ಯಕ್ಕೆ ಅಗತ್ಯ ಎಂಬ ಪ್ರಶ್ನೆಗೆ ಸಂಸ್ಥೆಗಳ ಬಳಿ ಸಾಮಾನ್ಯವಾಗಿ ಉತ್ತರವಿರುವುದಿಲ್ಲ.

ಈ ಹಳೆಯ ನಿಯಮಗಳ ಜಾಗಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬರುತ್ತಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದಿವೆ. ಮುಖ್ಯ ಕಲಮುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಹೊಸ ಕಾಯ್ದೆಯ 6ನೇ ಕಲಮಿನ ಪ್ರಕಾರ ಒಪ್ಪಿಗೆಯು ಮುಕ್ತವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ಆಗಿರಬೇಕು ಮತ್ತು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸೀಮಿತವಾಗಿರಬೇಕು. ಒಪ್ಪಿಗೆ ಕೋರುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯೂ ಇರಬೇಕು, ಅಂದರೆ ಕನ್ನಡದಲ್ಲಿ ಕೇಳುವುದಕ್ಕೆ ಆಧಾರವಿದೆ. ಆದರೆ ಅದೇ ಕಾಯ್ದೆಯ 7ನೇ ಕಲಮು ಉದ್ಯೋಗದಾತರಿಗೆ ಒಂದು ಕಿಂಡಿಯನ್ನೂ ಬಿಟ್ಟಿದೆ: ಉದ್ಯೋಗದ ಉದ್ದೇಶಕ್ಕಾಗಿ, ಅಥವಾ ವ್ಯಾಪಾರ ರಹಸ್ಯದ ಸೋರಿಕೆಯಂತಹ ನಷ್ಟದಿಂದ ಸಂಸ್ಥೆಯನ್ನು ಕಾಪಾಡುವುದಕ್ಕಾಗಿ, ಒಪ್ಪಿಗೆಯಿಲ್ಲದೆಯೂ ನೌಕರರ ಮಾಹಿತಿಯನ್ನು ಬಳಸಬಹುದು. ಈ ಕಿಂಡಿ ಎಷ್ಟು ಅಗಲವೆಂಬುದನ್ನು ಮುಂದೆ ದತ್ತಾಂಶ ಸಂರಕ್ಷಣಾ ಮಂಡಳಿಯೂ ನ್ಯಾಯಾಲಯಗಳೂ ತೀರ್ಮಾನಿಸಬೇಕಾಗಿದೆ. ನನ್ನ ಅಭಿಪ್ರಾಯದಲ್ಲಿ ಇಡೀ ಕಾಯ್ದೆಯಲ್ಲಿ ನೌಕರರು ಹೆಚ್ಚು ಎಚ್ಚರದಿಂದ ಓದಬೇಕಾದ ವಾಕ್ಯ ಅದೇ.

ಇನ್ನೊಂದು ಮಿತಿಯನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ನೀವೇ ಎಲ್ಲರಿಗೂ ಕಾಣುವಂತೆ ಹಾಕಿದ ಮಾಹಿತಿಗೆ 2023ರ ಕಾಯ್ದೆ ಅನ್ವಯವಾಗುವುದೇ ಇಲ್ಲ. ಪಬ್ಲಿಕ್ ಎಂದು ಗುರುತಿಸಿದ ಪೋಸ್ಟನ್ನು ಮೇಲಧಿಕಾರಿ ಓದಿದರೆ, ಸ್ಕ್ರೀನ್‌ಶಾಟ್ ತೆಗೆದರೆ, ಅದರ ಮೇಲೆ ವಿವರಣೆ ಕೇಳಿದರೆ, ಖಾಸಗಿತನದ ಹೆಸರಿನಲ್ಲಿ ದೂರಲು ಹೆಚ್ಚಿನ ಅವಕಾಶವಿಲ್ಲ. ಕಚೇರಿಯ ಹೆಸರನ್ನು ಪ್ರೊಫೈಲಿನಲ್ಲಿ ಹಾಕಿಕೊಂಡು ಬಾಸ್‌ನನ್ನು ಬಹಿರಂಗವಾಗಿ ಬೈಯುವವರು ಈ ಕೈಪಿಡಿಯಿಂದ ಏನನ್ನೂ ನಿರೀಕ್ಷಿಸಬಾರದು.

ಮೊದಲು ಮಾಡಬೇಕಾದದ್ದು: ಕಚೇರಿ ಮತ್ತು ಸ್ವಂತವನ್ನು ಬೇರ್ಪಡಿಸುವುದು

ಸಂಸ್ಥೆಗಳು ನೌಕರರ ಖಾತೆಯೊಳಗೆ ಬರುವುದು ಹೆಚ್ಚಾಗಿ ಪಾಸ್‌ವರ್ಡ್ ಕೇಳಿ ಪಡೆದಲ್ಲ. ನೌಕರರೇ ಅರಿಯದೆ ತೆರೆದಿಟ್ಟ ಬಾಗಿಲಿನಿಂದ. ಆದ್ದರಿಂದ ಈ ಭಾಗವನ್ನು ನಿಧಾನವಾಗಿ ಓದಿ, ಫೋನು ಮತ್ತು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಒಂದೊಂದಾಗಿ ಮಾಡಿ.

ಕಂಪನಿಯ ಲ್ಯಾಪ್‌ಟಾಪಿನಿಂದ ಆರಂಭಿಸಬೇಕು. ಅದು ಸಂಸ್ಥೆಯ ಆಸ್ತಿ, ಅದರಲ್ಲಿ ಯಾವ ನಿಗಾ ತಂತ್ರಾಂಶವಿದೆಯೆಂದು ನಿಮಗೆ ತಿಳಿದಿರಬೇಕೆಂದೇನೂ ಇಲ್ಲ. ಅನೇಕ ಸಂಸ್ಥೆಗಳು ತಮ್ಮದೇ ಭದ್ರತಾ ಪ್ರಮಾಣಪತ್ರವನ್ನು ಅದರಲ್ಲಿ ಅಳವಡಿಸಿರುತ್ತವೆ. ಹಾಗೆ ಮಾಡಿದಾಗ ಬ್ರೌಸರಿನಲ್ಲಿ ಬೀಗದ ಚಿಹ್ನೆ ಕಾಣಿಸಿದರೂ, ನೀವು ಕಳಿಸುವ ಮಾಹಿತಿಯನ್ನು ಕಂಪನಿಯ ಜಾಲ ನಡುವೆ ಬಿಚ್ಚಿ ಓದಿ ಮತ್ತೆ ಮುಚ್ಚಿ ಮುಂದಕ್ಕೆ ಕಳಿಸಬಲ್ಲದು. ಇನ್‌ಕಾಗ್ನಿಟೊ ಕಿಟಕಿ ಇದಕ್ಕೆ ಪರಿಹಾರವಲ್ಲ. ಅದು ಆ ಯಂತ್ರದಲ್ಲಿ ಹಿಸ್ಟರಿ ಉಳಿಯದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಹೀಗಾಗಿ ಆ ಯಂತ್ರದಲ್ಲಿ ಸ್ವಂತ ಖಾತೆಗಳನ್ನು ತೆರೆಯದಿರುವುದೇ ಸರಿಯಾದ ಕ್ರಮ. ಊಟದ ಬಿಡುವಿನಲ್ಲಿ ಐದು ನಿಮಿಷ ಫೇಸ್‌ಬುಕ್ ನೋಡಬೇಕೆನಿಸಿದರೆ ಸ್ವಂತ ಫೋನಿದೆ, ಸ್ವಂತ ಡೇಟಾ ಇದೆ.

ಈಗಾಗಲೇ ತೆರೆದಿದ್ದರೆ ಮುಚ್ಚುವ ವಿಧಾನ ಹೀಗಿದೆ. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ (ಆಂಡ್ರಾಯ್ಡ್ ಫೋನಾದರೆ ಮೂರು ಚುಕ್ಕೆಗಳ ಮೆನುವಿನಲ್ಲಿ) 'ಲಿಂಕ್ಡ್ ಡಿವೈಸಸ್' ಎಂಬಲ್ಲಿಗೆ ಹೋಗಿ, ಕಚೇರಿಯ ಕಂಪ್ಯೂಟರ್ ಆ ಪಟ್ಟಿಯಲ್ಲಿದ್ದರೆ ಲಾಗ್ ಔಟ್ ಮಾಡಿ. ಫೋನು ನಿಮ್ಮ ಜೇಬಿನಲ್ಲಿದ್ದರೂ ಜೋಡಿಸಿದ ಕಂಪ್ಯೂಟರಿನಲ್ಲಿ ಸಂದೇಶಗಳು ಬರುತ್ತಲೇ ಇರುತ್ತವೆ ಎಂಬುದನ್ನು ಬಹಳ ಜನ ಮರೆಯುತ್ತಾರೆ; ಆ ಯಂತ್ರವನ್ನು ರಿಪೇರಿಗೆಂದು ಐಟಿ ವಿಭಾಗಕ್ಕೆ ಕೊಟ್ಟ ದಿನವೂ ಬರುತ್ತಿರುತ್ತವೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಿಗೆ 'ಅಕೌಂಟ್ಸ್ ಸೆಂಟರ್' ಒಳಗಿನ 'ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ'ಯಲ್ಲಿ ಯಾವ ಯಾವ ಸಾಧನಗಳಲ್ಲಿ ಖಾತೆ ತೆರೆದಿದೆಯೆಂಬ ಪಟ್ಟಿ ಸಿಗುತ್ತದೆ. ಲಿಂಕ್ಡ್‌ಇನ್‌ನಲ್ಲಿ ಅದು 'ಸೈನ್ ಇನ್ ಅಂಡ್ ಸೆಕ್ಯುರಿಟಿ' ವಿಭಾಗದಲ್ಲಿದೆ. ಗುರುತು ಸಿಗದ ಸಾಧನವನ್ನೆಲ್ಲ ತೆಗೆದುಹಾಕಿ, ನಂತರ ಪಾಸ್‌ವರ್ಡ್ ಬದಲಾಯಿಸಿ, ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ. ಈ ಕೆಲಸಗಳನ್ನು ಇದೇ ಕ್ರಮದಲ್ಲಿ, ಸ್ವಂತ ಫೋನಿನಿಂದ ಮಾಡಬೇಕು. ಕಚೇರಿಯ ಯಂತ್ರದಲ್ಲಿಯೇ ಕುಳಿತು ಹೊಸ ಪಾಸ್‌ವರ್ಡ್ ಬರೆದರೆ ಶ್ರಮ ವ್ಯರ್ಥ.

ಬ್ರೌಸರಿನ ವಿಷಯ ಇನ್ನೂ ಸೂಕ್ಷ್ಮ. ಕಚೇರಿಯ ಗೂಗಲ್ ಖಾತೆಯಿಂದ ಕ್ರೋಮ್‌ಗೆ ಸೈನ್ ಇನ್ ಆಗಿ, ಸಿಂಕ್ ಚಾಲೂ ಇದ್ದಾಗ "ಪಾಸ್‌ವರ್ಡ್ ಉಳಿಸಲೇ?" ಎಂದು ಅದು ಕೇಳಿದಾಗ ಹೌದೆಂದು ಒತ್ತಿದರೆ, ಆ ಪಾಸ್‌ವರ್ಡ್ ಕಚೇರಿಯ ಖಾತೆಗೆ ಸೇರುತ್ತದೆ. ಆ ಖಾತೆಯ ಆಡಳಿತ ಕಂಪನಿಯ ಕೈಯಲ್ಲಿದೆ. ನೀವು ಹೊರಟ ಮೇಲೆ ಅದನ್ನು ಮರುಹೊಂದಿಸಿ ಒಳಹೋಗುವವರಿಗೆ ನಿಮ್ಮ ಜಿಮೇಲ್, ಬ್ಯಾಂಕು, ಫೇಸ್‌ಬುಕ್ ಕೀಲಿಗಳೆಲ್ಲ ಒಂದೇ ಕಡೆ ಸಿಗುವ ಸಂಭವವಿದೆ. ಪಾಸ್‌ವರ್ಡ್ ಮ್ಯಾನೇಜರ್ ತೆರೆದು ಸ್ವಂತದ್ದೆಲ್ಲವನ್ನೂ ಅಳಿಸಿ.

ಸ್ವಂತ ಫೋನಿನಲ್ಲಿ ಕಚೇರಿಯ ಮೇಲ್ ಹಾಕಿಕೊಳ್ಳುವವರು, ಕಂಪನಿ ಅಳವಡಿಸಿದ ನಿರ್ವಹಣಾ ತಂತ್ರಾಂಶ ಯಾವ ಬಗೆಯದೆಂದು ಕೇಳಿ ತಿಳಿಯಬೇಕು. ಆಂಡ್ರಾಯ್ಡ್ ಫೋನಿನಲ್ಲಿ 'ವರ್ಕ್ ಪ್ರೊಫೈಲ್' ಇದ್ದರೆ ಕಚೇರಿಯ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸಿನ ಚಿಹ್ನೆ ಇರುತ್ತದೆ, ಉಳಿದ ಆ್ಯಪ್‌ಗಳೊಳಗೆ ಏನಿದೆಯೆಂದು ಕಂಪನಿಗೆ ಕಾಣುವುದಿಲ್ಲ, ಇದನ್ನು ಒಪ್ಪಿಕೊಳ್ಳಬಹುದು. ಇಡೀ ಸಾಧನವನ್ನೇ ನಿರ್ವಹಿಸುವ ಬಗೆಯಾದರೆ, ದೂರದಿಂದಲೇ ಫೋನನ್ನು ಪೂರ್ತಿ ಅಳಿಸುವ ಅಧಿಕಾರವನ್ನೂ ಕೊಟ್ಟಂತಾಗುತ್ತದೆ. ಅಂತಹ ಸಂದರ್ಭದಲ್ಲಿ ಕಚೇರಿಯ ಫೋನನ್ನೇ ಕೊಡಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಐಫೋನಿನವರು 'ಜನರಲ್' ಒಳಗಿನ 'ವಿಪಿಎನ್ ಅಂಡ್ ಡಿವೈಸ್ ಮ್ಯಾನೇಜ್‌ಮೆಂಟ್' ನೋಡಿದರೆ ಯಾವ ಪ್ರೊಫೈಲ್ ಕುಳಿತಿದೆಯೆಂದು ತಿಳಿಯುತ್ತದೆ.

ಲಿಂಕ್ಡ್‌ಇನ್ ಬಗ್ಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಅದನ್ನು ಕಚೇರಿಯ ಸ್ವತ್ತೆಂದು ಎರಡೂ ಕಡೆಯವರು ಭಾವಿಸಿಬಿಡುತ್ತಾರೆ. ಖಾತೆಯ ಮುಖ್ಯ ಇಮೇಲ್ ಕಚೇರಿಯದ್ದಾಗಿದ್ದರೆ, ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಕಚೇರಿಯ ಅಂಚೆಪೆಟ್ಟಿಗೆಗೆ ಹೋಗುತ್ತದೆ. ಕೆಲಸ ಬಿಟ್ಟ ದಿನ ಆ ಪೆಟ್ಟಿಗೆ ನಿಮ್ಮ ಕೈತಪ್ಪುತ್ತದೆ. ಸ್ವಂತ ಇಮೇಲನ್ನು ಸೇರಿಸಿ, ಅದನ್ನೇ ಮುಖ್ಯವೆಂದು ಗುರುತಿಸಿ, ಕಚೇರಿಯದನ್ನು ತೆಗೆದುಹಾಕಿ. ನೌಕರರ ಖಾತೆಗಳ ಮೂಲಕ ಕಂಪನಿಯ ಪ್ರಚಾರ ನಡೆಸುವ ಆ್ಯಪ್‌ಗಳನ್ನು ಜೋಡಿಸಿದ್ದರೆ, 'ಪರ್ಮಿಟೆಡ್ ಸರ್ವಿಸಸ್' ಎಂಬಲ್ಲಿ ಅವುಗಳಿಗೆ ಏನೇನು ಅನುಮತಿ ಕೊಟ್ಟಿದ್ದೀರೆಂದು ನೋಡಿ. ನಿಮ್ಮ ಹೆಸರಿನಲ್ಲಿ ಬರೆಯುವ ಅನುಮತಿ ಅದರಲ್ಲಿದ್ದರೆ, ನಾಳೆ ನೀವು ಬರೆಯದ ಮಾತಿಗೆ ನೀವು ಹೊಣೆಗಾರರಾಗುತ್ತೀರಿ.

ಕಂಪನಿಯ ಪುಟ ನಡೆಸುವವರಿಗೆ

ಸಣ್ಣ ಸಂಸ್ಥೆಗಳಲ್ಲಿ ಮಾರ್ಕೆಟಿಂಗ್ ಕೆಲಸಕ್ಕೆ ಸೇರಿದವರ ಸ್ವಂತ ಫೇಸ್‌ಬುಕ್ ಖಾತೆಯಿಂದಲೇ ಅಂಗಡಿಯ, ಆಸ್ಪತ್ರೆಯ, ಶಾಲೆಯ ಪುಟ ತೆರೆಯುವುದು ವಾಡಿಕೆ. ಮುಂದೆ ಅವರು ರಜೆಯಲ್ಲಿದ್ದಾಗ "ಪುಟ ನೋಡಬೇಕಿತ್ತು, ಪಾಸ್‌ವರ್ಡ್ ಕಳಿಸಿ" ಎಂಬ ಕರೆ ಬರುತ್ತದೆ. ಮಾಲೀಕರಲ್ಲಿ ದುರುದ್ದೇಶವಿಲ್ಲದಿರಬಹುದು, ಪುಟ ನಿಜಕ್ಕೂ ಅವರದೇ. ಆದರೆ ಪಾಸ್‌ವರ್ಡ್ ಕೊಡದೆಯೇ ಈ ಅಗತ್ಯವನ್ನು ಪೂರೈಸುವ ದಾರಿ ಇದೆ: ಫೇಸ್‌ಬುಕ್‌ನ ಮಾತೃಸಂಸ್ಥೆಯಾದ ಮೆಟಾದ ಬಿಸಿನೆಸ್ ವ್ಯವಸ್ಥೆಯಲ್ಲಿ ಸಂಸ್ಥೆಯ ಹೆಸರಿನಲ್ಲಿ ಒಂದು ಪೋರ್ಟ್‌ಫೋಲಿಯೊ ತೆರೆದು, ಪುಟವನ್ನು ಅದಕ್ಕೆ ಸೇರಿಸಿ, ಮಾಲೀಕರಿಗೂ ಇನ್ನೊಬ್ಬ ಸಹೋದ್ಯೋಗಿಗೂ ಪೂರ್ಣ ಅಧಿಕಾರ ಕೊಡಿ. ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಪುಟಕ್ಕೆ ಬರುತ್ತಾರೆ, ಯಾರ ಸಂದೇಶವೂ ಇನ್ನೊಬ್ಬರಿಗೆ ಕಾಣುವುದಿಲ್ಲ. ಲಿಂಕ್ಡ್‌ಇನ್ ಪುಟಕ್ಕೆ ಅಡ್ಮಿನ್‌ಗಳನ್ನು, ಯೂಟ್ಯೂಬ್ ಚಾನೆಲ್‌ಗೆ ಅನುಮತಿ ಪಡೆದವರನ್ನು ಹೀಗೆಯೇ ಸೇರಿಸಬಹುದು. ಸೇರಿದ ಮೊದಲ ವಾರದಲ್ಲಿಯೇ ಇದನ್ನು ಮಾಡಿಸಿಕೊಳ್ಳಬೇಕು. ಪುಟಕ್ಕೆ ಸಾವಿರಾರು ಜನ ಸೇರಿದ ಮೇಲೆ, ಹೊರಡುವ ಹೊತ್ತಿಗೆ ಮಾಡಲು ಹೋದರೆ ಪುಟವನ್ನು ಒತ್ತೆಯಿಟ್ಟುಕೊಂಡಿದ್ದೀರೆಂಬ ಆರೋಪ ಬರುತ್ತದೆ.

ಕೋರಿಕೆ ಬಂದಾಗ ಉತ್ತರಿಸುವ ಬಗೆ

ಮೊದಲ ನಿಯಮ, ಆ ಕ್ಷಣದಲ್ಲಿ ಹೌದೆಂದೂ ಅನ್ನಬೇಡಿ, ಜಗಳಕ್ಕೂ ಇಳಿಯಬೇಡಿ. "ಮೇಲ್ ಕಳಿಸಿ ಸರ್, ನೋಡಿ ಉತ್ತರಿಸುತ್ತೇನೆ" ಎಂಬ ಒಂದು ಮಾತು ಅರ್ಧ ಕೋರಿಕೆಗಳನ್ನು ಅಲ್ಲಿಗೇ ನಿಲ್ಲಿಸುತ್ತದೆ. ಬಾಯಲ್ಲಿ ಕೇಳಬಹುದಾದದ್ದನ್ನು ಅಕ್ಷರದಲ್ಲಿ ಕೇಳಲು ಸಂಸ್ಥೆಗಳು ಹಿಂಜರಿಯುತ್ತವೆ. ಮೇಲ್ ಬರದಿದ್ದರೆ ಅದೇ ದಿನ ನೀವೇ ಒಂದು ಬರೆಯಿರಿ. ಅದರ ಸಾರ ಹೀಗಿರಬಹುದು:

"ಮಾನ್ಯರೇ, ಇಂದು ಬೆಳಿಗ್ಗೆ ನಡೆದ ಸಭೆಯಲ್ಲಿ ನನ್ನ ವೈಯಕ್ತಿಕ ಇನ್‌ಸ್ಟಾಗ್ರಾಂ ಖಾತೆಯನ್ನು ತೆರೆದು ತೋರಿಸುವಂತೆ ತಾವು ತಿಳಿಸಿದಿರಿ. ಈ ಖಾತೆಯನ್ನು ಸಂಸ್ಥೆಯ ಯಾವುದೇ ಕೆಲಸಕ್ಕೆ ನಾನು ಬಳಸುತ್ತಿಲ್ಲ. ಅದರಲ್ಲಿ ನನ್ನ ಕುಟುಂಬದವರು ಮತ್ತು ಸ್ನೇಹಿತರು ನನ್ನನ್ನು ನಂಬಿ ಕಳಿಸಿದ ಸಂದೇಶಗಳಿವೆ. ಅವನ್ನು ಇತರರಿಗೆ ತೋರಿಸಲು ಅವರ ಪರವಾಗಿ ಒಪ್ಪಿಗೆ ಕೊಡುವ ಅಧಿಕಾರ ನನಗಿಲ್ಲ. ಸಂಸ್ಥೆಗೆ ಯಾವುದಾದರೂ ನಿರ್ದಿಷ್ಟ ಪೋಸ್ಟ್ ಅಥವಾ ಸಂದೇಶದ ಬಗ್ಗೆ ಆಕ್ಷೇಪವಿದ್ದಲ್ಲಿ, ಅದರ ವಿವರವನ್ನು ಲಿಖಿತವಾಗಿ ತಿಳಿಸಿದರೆ ನನ್ನ ವಿವರಣೆಯನ್ನು ಲಿಖಿತವಾಗಿಯೇ ಸಲ್ಲಿಸುತ್ತೇನೆ. ಇಡೀ ಖಾತೆಯ ಪ್ರವೇಶವೇ ಅಗತ್ಯವೆಂದಾದರೆ, ಅದರ ಉದ್ದೇಶ, ಅದಕ್ಕೆ ಆಧಾರವಾದ ನಿಯಮ ಮತ್ತು ಸಂಗ್ರಹಿಸಿದ ಮಾಹಿತಿಯನ್ನು ಯಾರು ನೋಡುತ್ತಾರೆಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ."

ಈ ಪತ್ರದ ಮೂರನೆಯ ವಾಕ್ಯದ ಮೇಲೆ ನನಗೆ ಹೆಚ್ಚು ಭರವಸೆ. "ನನ್ನ ಖಾಸಗಿತನ" ಎಂದಾಗ "ಮುಚ್ಚಿಡುವಂಥದ್ದು ಏನಿದೆ?" ಎಂಬ ಮರುಪ್ರಶ್ನೆ ತಪ್ಪದೆ ಬರುತ್ತದೆ. ತಂಗಿಯ ಸಂದೇಶವನ್ನು, ಗೆಳೆಯ ಕಳಿಸಿದ ಆಸ್ಪತ್ರೆಯ ರಿಪೋರ್ಟನ್ನು ನಾನು ಹೇಗೆ ತೋರಿಸಲಿ ಎಂದಾಗ ಆ ಪ್ರಶ್ನೆಗೆ ಜಾಗವಿರುವುದಿಲ್ಲ. ಇದರ ಜೊತೆಗೆ, ಪಾಸ್‌ವರ್ಡ್ ಹಂಚಿಕೊಳ್ಳುವುದು ಫೇಸ್‌ಬುಕ್‌ನ ಬಳಕೆಯ ಷರತ್ತುಗಳಿಗೇ ವಿರುದ್ಧ ಎಂಬುದನ್ನೂ ಸೇರಿಸಬಹುದು.

ಫ್ರೆಂಡ್ ರಿಕ್ವೆಸ್ಟಿಗೆ ಇಷ್ಟೆಲ್ಲ ಪತ್ರ ಬೇಡ. ಸಹೋದ್ಯೋಗಿಗಳನ್ನು ಲಿಂಕ್ಡ್‌ಇನ್‌ನಲ್ಲಿ ಮಾತ್ರ ಸೇರಿಸಿಕೊಳ್ಳುತ್ತೇನೆ ಎಂಬ ಒಂದೇ ನಿಯಮವನ್ನು ಎಲ್ಲರಿಗೂ ಪಾಲಿಸಿದರೆ ಸಾಕು. ಒಬ್ಬರನ್ನು ಸೇರಿಸಿ ಇನ್ನೊಬ್ಬರನ್ನು ಬಿಟ್ಟರೆ ಮನಸ್ತಾಪ ಖಚಿತ.

ಇನ್ನೂ ಕೆಲಸಕ್ಕೆ ಸೇರದ ಅಭ್ಯರ್ಥಿಯ ಸ್ಥಿತಿ ಕಷ್ಟದ್ದು. ನಿರಾಕರಿಸಿದ ಕಾರಣಕ್ಕೇ ಕೆಲಸ ತಪ್ಪಿತೆಂದು ಸಾಬೀತುಪಡಿಸುವುದು ನಮ್ಮಲ್ಲಿ ಹೆಚ್ಚುಕಡಿಮೆ ಅಸಾಧ್ಯ. ಅಲ್ಲಿ ಮಾಡಬಹುದಾದದ್ದು, ಹಿನ್ನೆಲೆ ಪರಿಶೀಲನೆಯ ಒಪ್ಪಿಗೆ ಪತ್ರವನ್ನು ಸಹಿ ಹಾಕುವ ಮುನ್ನ ಓದಿ, "ಬಹಿರಂಗವಾಗಿ ಲಭ್ಯವಿರುವ ಮಾಹಿತಿಗೆ ಮಾತ್ರ" ಎಂಬ ಪದಗಳನ್ನು ಸೇರಿಸಲು ಕೇಳುವುದು, ಮತ್ತು ಲಾಗಿನ್ ಬದಲು ಪ್ರೊಫೈಲಿನ ಕೊಂಡಿ ಕೊಡುವುದು. ಪಿಎಫ್‌ನ ಯುಎಎನ್ ಖಾತೆಗೂ ಇದೇ ಮಾತು ಸಲ್ಲುತ್ತದೆ: ಹಿಂದಿನ ಉದ್ಯೋಗವನ್ನು ತೋರಿಸಲು ಸರ್ವಿಸ್ ಹಿಸ್ಟರಿಯ ಪ್ರತಿ ಸಾಕು, ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಪರಿಶೀಲನಾ ಸಂಸ್ಥೆಗೆ ಕೊಡುವ ಅಗತ್ಯವಿಲ್ಲ.

ಕೆಲಸದಲ್ಲಿರುವವರನ್ನು ಇದೇ ಕಾರಣಕ್ಕೆ ತೆಗೆಯಲು ಹೊರಟರೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸ್ವಲ್ಪ ಆಸರೆ ಕೊಡುತ್ತದೆ. ಆರು ತಿಂಗಳು ನಿರಂತರವಾಗಿ ದುಡಿದ ನೌಕರರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಸಂಬಳವಿಲ್ಲದೆ ತೆಗೆಯುವಂತಿಲ್ಲ ಎಂದು ಅದರ 39ನೇ ಕಲಮು ಹೇಳುತ್ತದೆ. ಆಡಳಿತದ ಹೊಣೆಯಿರುವ ಹುದ್ದೆಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ಐಟಿ ನೌಕರರಿಗೆ 2017ರಿಂದ ತಮ್ಮದೇ ಆದ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘವೂ ಇದೆ; ಒಂಟಿಯಾಗಿ ಕಾರ್ಮಿಕ ಇಲಾಖೆಗೆ ಹೋಗುವುದಕ್ಕಿಂತ ಅಂಥವರನ್ನು ಮೊದಲು ಕೇಳುವುದು ಲೇಸು.

ನಿಜವಾದ ವಿಚಾರಣೆ ನಡೆಯುತ್ತಿದ್ದರೆ

ಎಲ್ಲ ಕೋರಿಕೆಯೂ ಕಿರುಕುಳವಲ್ಲ. ಸಹೋದ್ಯೋಗಿಗೆ ರಾತ್ರಿ ಹೊತ್ತು ವಾಟ್ಸ್ಆ್ಯಪ್‌ನಲ್ಲಿ ಅಸಭ್ಯ ಸಂದೇಶ ಕಳಿಸಿದ ದೂರು ನಿಮ್ಮ ಮೇಲಿದ್ದರೆ, "ಅದು ನನ್ನ ಖಾಸಗಿ ಖಾತೆ" ಎಂಬ ಉತ್ತರ ನಡೆಯುವುದಿಲ್ಲ, ನಡೆಯಲೂ ಬಾರದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಅಡಿಯಲ್ಲಿ ರಚನೆಯಾದ ಆಂತರಿಕ ಸಮಿತಿಗೆ, ವ್ಯಕ್ತಿಗಳನ್ನು ಕರೆಸುವ ಮತ್ತು ದಾಖಲೆಗಳನ್ನು ಹಾಜರುಪಡಿಸಲು ಹೇಳುವ ವಿಷಯದಲ್ಲಿ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅಲ್ಲಿಯೂ ಕೇಳಬೇಕಾದದ್ದು ದೂರುದಾರರೊಂದಿಗಿನ ಆ ನಿರ್ದಿಷ್ಟ ಸಂಭಾಷಣೆಯನ್ನು. ಸಮಿತಿಗೆ ಬೇಕಿರುವುದು ದಾಖಲೆ, ಕೀಲಿಕೈ ಅಲ್ಲ. ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ, ನಡುವೆ ಏನನ್ನೂ ಕತ್ತರಿಸದೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ದೂರು ಬಂದ ಮೇಲೆ ಸಂದೇಶಗಳನ್ನು ಅಳಿಸುವುದು ನಿರಪರಾಧಿಯನ್ನೂ ಅಪರಾಧಿಯಂತೆ ಕಾಣಿಸುತ್ತದೆ.

ಸರ್ಕಾರಿ ನೌಕರರು, ಸೈನಿಕರು, ವೀಸಾ ಅರ್ಜಿದಾರರು

ರಾಜ್ಯ ಸರ್ಕಾರಿ ನೌಕರರಿಗೆ 2021ರ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳಿವೆ. ಸರ್ಕಾರದ ಟೀಕೆಗೆ ಅವು ಹಾಕುವ ಮಿತಿ ಸ್ವಂತ ಖಾತೆಯ ಬರಹಕ್ಕೂ ತಗಲುತ್ತದೆ. ಆದರೂ ನಿಯಮವೇ ಕೊನೆಯ ಮಾತಲ್ಲ: ರಾಜಕೀಯ ಸಭೆಗೆ ಹೋಗಿದ್ದಕ್ಕೆ ಮತ್ತು ಫೇಸ್‌ಬುಕ್ ಪೋಸ್ಟಿಗೆ ಅಮಾನತಾಗಿದ್ದ ನೌಕರರೊಬ್ಬರ ಪ್ರಕರಣದಲ್ಲಿ ತ್ರಿಪುರಾ ಹೈಕೋರ್ಟ್ 2020ರ ಜನವರಿಯಲ್ಲಿ, ಸರ್ಕಾರಿ ನೌಕರರಾದ ಮಾತ್ರಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯ ಇಲ್ಲವಾಗುವುದಿಲ್ಲ ಎಂದು ಹೇಳಿತು. ಸೈನ್ಯದ ಮಾತು ಬೇರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ತೆಗೆಯಬೇಕೆಂದು ಭೂಸೇನೆ 2020ರಲ್ಲಿ ಆದೇಶಿಸಿದಾಗ, ಅದನ್ನು ಪ್ರಶ್ನಿಸಿದ ಅಧಿಕಾರಿಯೊಬ್ಬರ ಅರ್ಜಿಯನ್ನು ದೆಹಲಿ ಹೈಕೋರ್ಟ್ ವಜಾ ಮಾಡಿತು.

ಅಮೆರಿಕಕ್ಕೆ ಹೊರಟವರು ಕಾನ್ಸುಲೇಟನ್ನೂ ಕಂಪನಿಯನ್ನೂ ಒಂದೇ ಮಾಡಿಕೊಳ್ಳಬಾರದು. ವೀಸಾ ಅರ್ಜಿಯಲ್ಲಿ ಕಳೆದ ಐದು ವರ್ಷಗಳ ಜಾಲತಾಣ ಖಾತೆಗಳ ಹೆಸರು ಕೇಳುತ್ತಾರೆ, ಮತ್ತು 2025ರ ಡಿಸೆಂಬರ್‌ನಿಂದ ಎಚ್-1ಬಿ (ಕೆಲಸದ ವೀಸಾ) ಹಾಗೂ ಎಚ್-4 (ಅವರ ಅವಲಂಬಿತರ ವೀಸಾ) ಅರ್ಜಿದಾರರು ಪ್ರೊಫೈಲನ್ನು ಪಬ್ಲಿಕ್ ಮಾಡಬೇಕೆಂಬ ಸೂಚನೆಯೂ ಇದೆ. ಇದು ಸರ್ಕಾರದ ಕೋರಿಕೆ. ಪಾಸ್‌ವರ್ಡನ್ನು ಆ ಅರ್ಜಿಯೂ ಕೇಳುವುದಿಲ್ಲ. ಇದನ್ನೇ ನೆಪ ಮಾಡಿಕೊಂಡು ಕನ್ಸಲ್ಟೆನ್ಸಿಯವರು ಲಾಗಿನ್ ಕೇಳಿದರೆ ಕೊಡಬೇಡಿ. ಸಂದರ್ಶನ ಮುಗಿದು ವೀಸಾ ಕೈಸೇರಿದ ಮೇಲೆ, ಯಾವ ಯಾವ ಸೆಟ್ಟಿಂಗ್ ಬದಲಾಯಿಸಿದ್ದಿರೆಂದು ನೋಡಿಕೊಂಡು ಮುಂದಿನ ತೀರ್ಮಾನ ಮಾಡಿ.

ಒಪ್ಪಿಗೆಯಿಲ್ಲದೆ ಖಾತೆ ತೆರೆದಿದ್ದರೆ

ಇದು ಕೋರಿಕೆಯ ಹಂತ ದಾಟಿದ ವಿಷಯ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಲ್ಯಾಪ್‌ಟಾಪ್ ತಮ್ಮದೆಂದು ಸಂಸ್ಥೆ ವಾದಿಸಬಹುದು. ಲ್ಯಾಪ್‌ಟಾಪ್ ಅವರದಾದರೂ ಖಾತೆ ಇರುವ ಸರ್ವರ್ ಅವರದಲ್ಲ ಎಂಬುದು ನಿಮ್ಮ ಉತ್ತರ.

ಅನುಮಾನ ಬಂದ ಕೂಡಲೇ ಕೋಪದಲ್ಲಿ ಎಲ್ಲ ಸಾಧನಗಳನ್ನೂ ಲಾಗ್ ಔಟ್ ಮಾಡುವ ಮೊದಲು, ಯಾವ ಸಾಧನದಿಂದ, ಯಾವ ಊರಿನಿಂದ, ಯಾವ ಹೊತ್ತಿನಲ್ಲಿ ಖಾತೆ ತೆರೆದಿದೆಯೆಂದು ತೋರಿಸುವ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಲಾಗಿನ್ ಎಚ್ಚರಿಕೆಯ ಇಮೇಲ್‌ಗಳನ್ನು ಅಳಿಸದೆ ಇಡಿ. ನಂತರ ಲಾಗ್ ಔಟ್, ನಂತರ ಹೊಸ ಪಾಸ್‌ವರ್ಡ್. ಈ ದಾಖಲೆಗಳನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ (ಡಿಜಿಟಲ್ ದಾಖಲೆ ಯಾವ ಸಾಧನದಿಂದ ಬಂತೆಂದು ದೃಢೀಕರಿಸುವ ಪತ್ರ) ಬೇಕಾಗುತ್ತದೆ, ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಮಾರಿಬಿಡಬೇಡಿ. ದೂರನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಕೊಡಬಹುದು. 1930 ಸಹಾಯವಾಣಿ ಮುಖ್ಯವಾಗಿ ಹಣದ ವಂಚನೆಗೆ ಮೀಸಲಾದದ್ದು. ಶಿಕ್ಷೆಗಿಂತ ಪರಿಹಾರ ಬೇಕೆನ್ನುವವರಿಗೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 46ನೇ ಕಲಮಿನಡಿ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯವರೇ ನ್ಯಾಯನಿರ್ಣಯಾಧಿಕಾರಿ; ಐದು ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಗಳು ಅವರ ಮುಂದೆ ಹೋಗುತ್ತವೆ.

ಕೆಲಸ ಬಿಡುವಾಗ

ನೋಟಿಸ್ ಅವಧಿಯ ಕೊನೆಯ ದಿನಕ್ಕಾಗಿ ಕಾಯಬೇಡಿ. ಲ್ಯಾಪ್‌ಟಾಪ್ ಯಾವ ದಿನ ಬೇಕಾದರೂ ಲಾಕ್ ಆಗಬಹುದು. ಹಿಂದಿನ ವಾರವೇ ಸ್ವಂತ ಖಾತೆಗಳಿಂದ ಹೊರಬಂದು, ಸ್ವಂತ ಫೋಟೊ ಮತ್ತು ಕಾಗದಪತ್ರಗಳನ್ನು ಮಾತ್ರ ತೆಗೆದುಕೊಳ್ಳಿ. ಗ್ರಾಹಕರ ಪಟ್ಟಿ, ಕೋಡ್, ಬೆಲೆಪತ್ರಗಳನ್ನು ಸ್ವಂತ ಡ್ರೈವಿಗೆ ಕಳಿಸಿದರೆ, ಖಾಸಗಿತನದ ವಾದವೆಲ್ಲ ಅಲ್ಲಿಗೆ ಮುಗಿದು ಸಂಸ್ಥೆಗೆ ನಿಮ್ಮ ಖಾತೆಯನ್ನು ಕೇಳಲು ನಿಜವಾದ ಕಾರಣವೇ ಸಿಗುತ್ತದೆ.

ಕಂಪನಿಯ ಪುಟಗಳ ಅಧಿಕಾರವನ್ನು ಇನ್ನೊಬ್ಬರಿಗೆ ವಹಿಸಿ, ನಿಮ್ಮ ಹೆಸರನ್ನು ತೆಗೆಸಿ, ಹಾಗೆ ಮಾಡಿದ್ದಕ್ಕೆ ಮೇಲ್‌ನಲ್ಲಿ ಸ್ವೀಕೃತಿ ಪಡೆಯಿರಿ. ಕಚೇರಿಯ ಕೆಲಸಕ್ಕೆ ಸ್ವಂತ ನಂಬರಿನ ವಾಟ್ಸ್ಆ್ಯಪ್ ಬಳಸಿದ್ದರೆ, ಆ ಗುಂಪುಗಳಿಂದ ಹೊರಬರುವ ಮುನ್ನ ಅಡ್ಮಿನ್ ಸ್ಥಾನವನ್ನು ಬೇರೊಬ್ಬರಿಗೆ ಕೊಡಿ. ಸಿಮ್ ಕಾರ್ಡನ್ನೇ ಒಪ್ಪಿಸಿ ಎಂಬ ಬೇಡಿಕೆಗೆ, ಸಿಮ್ ಕಂಪನಿಯ ಹೆಸರಿನಲ್ಲಿದ್ದರೆ ಮಾತ್ರ ಒಪ್ಪಬೇಕು. ನೋ ಡ್ಯೂಸ್ ಪತ್ರದಲ್ಲಿ "ನನ್ನ ಎಲ್ಲ ಖಾತೆಗಳ ವಿವರವನ್ನು ಒಪ್ಪಿಸಿದ್ದೇನೆ" ಎಂಬ ಸಾಲಿದ್ದರೆ, "ಸಂಸ್ಥೆಗೆ ಸೇರಿದ" ಎಂಬ ಎರಡು ಪದಗಳನ್ನು ಕೈಯಲ್ಲೇ ಬರೆದು ಸೇರಿಸಿ, ಪಕ್ಕದಲ್ಲಿ ಕಿರುಸಹಿ ಹಾಕಿ, ಆ ಹಾಳೆಯ ಫೋಟೊ ಇಟ್ಟುಕೊಳ್ಳಿ.